ಓದುಗರ ಪ್ರಶ್ನೆ, ಅಕ್ಕಾರ ಉತ್ತರ: ಪುಸ್ತಕ ಅದಾವ, ಕೀಲಿ ಯಾರ ಹತ್ರ ಐತಿ?

ಹೋದ ತಿಂಗಳು ಇದೇ ಅಂಕಣದ ಕೆಳಗ ಒಂದು ಸಾಲು ಹಾಕಿದ್ವಿ, ನಿಮ್ಮ ಮಕ್ಕಳಿಗೆ ಮನಿ ಭಾಷೆದಾಗ ಓದಾಕ ಕಥಿ ಪುಸ್ತಕ ಸಿಗತಾವೇನು ಅಂತ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಕಾಗದ ಬಂದ್ವು, ವಾಟ್ಸಾಪ್ ಮೆಸೇಜಂತೂ ಕೇಳಬ್ಯಾಡ್ರಿ. ಪಾಠದ ಪುಸ್ತಕದ ಬಗ್ಗೆ ಯಾರೂ ಕೇಳಿಲ್ಲ, ಅದನ್ನ ಸರಕಾರ ಹೆಂಗೋ ಕೊಡತೈತಿ. ಎಲ್ಲರ ತಕರಾರು ಇರೋದು ಅದರ ಆಚೆಗಿನ ಪುಸ್ತಕದ್ದು, ಪರೀಕ್ಷೆಗೆ ಬರಲಾರದ ಪುಸ್ತಕದ್ದು. ಎಲ್ಲಾ ಹಾಕಾಕ ಜಾಗ ಇಲ್ಲ, ಒಂದಷ್ಟು ಆರಿಸೀನಿ. ಹೆಸರು ಬ್ಯಾಡ ಅಂದೋರ ಹೆಸರು ಹಾಕಿಲ್ಲ, ಹಾಕ್ರಿ ಅಂದೋರದ್ದೂ ಹಾಕಿಲ್ಲ, ಸಿಟ್ಟಾಗಬ್ಯಾಡ್ರಿ.

ಅಕ್ಕಾ, ನಾವು ಸಿಂಧನೂರು ಕಡೆ ಕ್ಯಾಂಪಿನೋರು, ಮನ್ಯಾಗ ಬಂಗಾಳಿ ಮಾತಾಡ್ತೀವಿ. ಮಗಳು ಕನ್ನಡ ಶಾಲ್ಯಾಗ ಎರಡನೇತ್ತ ಇದಾಳ. ಅಕ್ಷರ ಗೊತ್ತದ, ಕೂಡಿಸಿ ಓದಾಕ ಬರವಲ್ದು. ಮನ್ಯಾಗ ಬಂಗಾಳಿ ಬಿಟ್ಟು ಕನ್ನಡನೇ ಮಾತಾಡ್ರಿ ಅಂತ ಓಣಿ ಮಂದಿ ಅಂತಾರ. ಅಕಿಗೆ ಯಾವ ಭಾಷೆ ಪುಸ್ತಕ ತಂದು ಕೊಡಬೇಕು?
– ಒಬ್ಬ ತಾಯಿ, ಸಿಂಧನೂರು

ಬಂಗಾಳಿ ಬಿಡಬ್ಯಾಡ್ರಿ ತಂಗಿ. ಮಗು ಓದೋದು ಹೆಂಗಂದ್ರ, ಒಂದೊಂದ ಅಕ್ಷರ ಕೂಡಿಸ್ಕೊಂತ ಹೋಗ್ತೈತಿ, ಅರ್ಧಕ್ಕ ಬಂದಾಗ ಓಹೋ ಇದು ನಾ ಕೇಳಿದ ಮಾತು ಅಂತ ತಲಿಗೆ ಹೊಳಿತೈತಿ, ಉಳಿದದ್ದನ್ನ ತಾನ ಓದಿಬಿಡ್ತೈತಿ. ಕೇಳಲಾರದ ಮಾತಾದ್ರ ಆ ಹೊಳಿಯೋದ ಇಲ್ಲ, ಕಡೀ ಅಕ್ಷರದ ತನಕ ಕೂಡಿಸಿದ್ರೂ ಕೈಯಾಗ ಏನೂ ಉಳಿಯಂಗಿಲ್ಲ. ನಿಮ್ಮ ಮಗಳಿಗೆ ಆಗಿರೋದು ಇಷ್ಟ, ಅಕಿ ದಡ್ಡಿ ಅಲ್ಲ. ಪ್ರಪಂಚದಾಗ ಇಂಥಾ ಮಕ್ಕಳು ಬಾಳ ಮಂದಿ ಅದಾರ, ಜಗತ್ತಿನ ಜನಸಂಖ್ಯೆಯೊಳಗ ಸುಮಾರು 40 ಪರ್ಸೆಂಟ್ ಮಂದಿಗೆ ತಾವು ಮಾತಾಡೋ ಅಥವಾ ತಿಳಿಯೋ ಭಾಷೆದಾಗ ಶಿಕ್ಷಣ ಸಿಗಂಗಿಲ್ಲ ಅಂತ ಯುನೆಸ್ಕೋದವರು 2016ರಾಗ ಹೇಳ್ಯಾರ.

ಹಂಗಾಗಿ ಮೊದಲ ಕೆಲಸ ಕಿವಿದು. ಕನ್ನಡ ಕಥಿ ಯಾರರೆ ದಿನಾ ಓದಿ ಹೇಳಬೇಕು, ಪುಸ್ತಕ ಅಕಿ ತೊಡಿ ಮ್ಯಾಲ ಇರಬೇಕು, ಚಿತ್ರ ತೋರಿಸ್ಕೊಂತ ಓದಬೇಕು, ನಡುವ ನಿಲ್ಲಿಸಿ ಇದು ಏನು ಅಂತ ಪರೀಕ್ಷೆ ಮಾಡಬಾರದು. ಬಂಗಾಳಿ ಕಥಿ ನೀವು ಹೇಳ್ರಿ. ನಿಮಗ ಬಂಗಾಳಿ ಲಿಪಿ ಓದಾಕ ಬರದಿದ್ರೂ ನಡಿತೈತಿ, ಬಾಯಿ ಮಾತಿನ ಕಥಿ ಸಾಕು. ಸ್ಟೋರಿವೀವರ್ ಅಂತ ಒಂದು ವೆಬ್‌ಸೈಟ್ ಐತಿ, ಮುಂದ ಅದರ ಬಗ್ಗೆ ಬರೀತೀನಿ, ಅದರಾಗ ಎಷ್ಟೋ ಕಥಿ ಬಂಗಾಳಿಯಾಗೂ ಕನ್ನಡದಾಗೂ ಸಿಗತಾವ, ಚಿತ್ರ ಎರಡರಾಗೂ ಅವ. ಮೊದಲು ಬಂಗಾಳಿಯಾಗ ಕೇಳ್ಸಿ, ಮರುದಿನ ಕನ್ನಡದ್ದು ಕೈಗೆ ಕೊಡ್ರಿ. ಕಥಿ ಗೊತ್ತಿದ್ದಾಗ ಅಕ್ಷರಕ್ಕ ಅಂಜಿಕಿ ಇರಂಗಿಲ್ಲ. ಪುಟಕ್ಕ ಒಂದೋ ಎರಡೋ ಸಾಲು ಇರೋದನ್ನ ಆರಿಸ್ರಿ, ಒತ್ತಕ್ಷರ ಕಮ್ಮಿ ಇರಲಿ, ನಮ್ಮ ಕನ್ನಡ ಓದೋ ಮಕ್ಕಳು ಮುಗ್ಗರಿಸೋದು ಹೆಚ್ಚಾಗಿ ಅಲ್ಲೇ. ಓಣಿ ಮಂದಿಗೆ ಏನೂ ಹೇಳಾಕ ಹೋಗಬ್ಯಾಡ್ರಿ.

ಮೇಡಂ, ಈಗ ಎಲ್ಲಾ ಫೋನಲ್ಲೇ ಫ್ರೀ ಸಿಗುತ್ತೆ. ಸಾವಿರಾರು ಮಕ್ಕಳ ಪುಸ್ತಕ ಆನ್‌ಲೈನ್ ಐತೆ. ಇನ್ನೂ ಪ್ರಿಂಟು, ಲೈಬ್ರರಿ ಅಂತ ಯಾಕೆ ದುಡ್ಡು ಹಾಕ್ಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ

ಅರ್ಧ ಮಾತು ಒಪ್ಪಿದೆ ನೋಡಪ. ಹತ್ತು ವರ್ಷದಾಗ ಈ ಕಡೆ ಆದ ಕೆಲಸ ದೊಡ್ಡದು. ಬೆಂಗಳೂರಿನ ಪ್ರಥಮ್ ಬುಕ್ಸ್‌ದವರು 2015ರ ಸೆಪ್ಟೆಂಬರ್ 8ಕ್ಕ, ಅಂದ್ರ ಸಾಕ್ಷರತಾ ದಿನಾನ, ಸ್ಟೋರಿವೀವರ್ ಶುರು ಮಾಡಿದ್ರು. ಈಗ ಮುನ್ನೂರಕ್ಕೂ ಹೆಚ್ಚು ಭಾಷೆ ಅದರಾಗ ಅದಾವ. ಅದಕ್ಕೂ ಒಂದು ವರ್ಷ ಮೊದಲು ದಕ್ಷಿಣ ಆಫ್ರಿಕಾದಿಂದ ಆಫ್ರಿಕನ್ ಸ್ಟೋರಿಬುಕ್ ಅಂತ ಇಂಥದ್ದ ಒಂದು ವೆಬ್‌ಸೈಟ್ ಶುರುವಾಗಿತ್ತು. 2018ರಾಗ ಇಥಿಯೋಪಿಯಾದ ಅಡಿಸ್ ಅಬಾಬಾದೊಳಗ ಗ್ಲೋಬಲ್ ಡಿಜಿಟಲ್ ಲೈಬ್ರರಿ ಬಿಡುಗಡೆ ಆತು, ಅದರ ಹಿಂದ ನಾರ್ವೆ ಸರಕಾರದ ರೊಕ್ಕ ಇತ್ತು. ಬ್ಲೂಮ್ ಅಂತ ಒಂದು ಸಾಫ್ಟ್‌ವೇರ್ ಐತಿ, ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದ ಹಳ್ಳಿ ಮಾಸ್ತರನೂ ತನ್ನ ಭಾಷೆದಾಗ ಒಂದು ಪುಸ್ತಕ ಕೂಡಿಸಬಹುದು.

ಇವೆಲ್ಲದರ ಬೇರು ಲೈಸೆನ್ಸಿನಾಗ ಐತಿ, ಆ್ಯಪಿನಾಗ ಅಲ್ಲ. ನಮ್ಮ ದೇಶದಾಗ ಕಾಪಿರೈಟು ಬರೆದೋರು ತೀರಿದ ಮ್ಯಾಲೂ 60 ವರ್ಷ ಇರತೈತಿ, ಅಲ್ಲಿತನಕ ಪರವಾನಗಿ ಇಲ್ಲದ ಅನುವಾದ ಮಾಡಿ ಹಂಚಂಗಿಲ್ಲ. ಸ್ಟೋರಿವೀವರ್ ಕಥಿಗಳು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ್ಯಾವು, ಬರೆದೋರ, ಚಿತ್ರ ಬಿಡಿಸಿದೋರ ಹೆಸರು ಹಾಕಿದ್ರ ಸಾಕು, ನೀ ಅನುವಾದ ಮಾಡು, ಪ್ರಿಂಟ್ ಹಾಕು, ಬೇಕಾದ್ರ ಮಾರು, ಯಾರೂ ಕೇಳಂಗಿಲ್ಲ. ಒಂದು ಭಾಷೆ ಮಾತಾಡೋರು ಐದು ಸಾವಿರ ಮಂದಿ ಇದ್ರೂ ಪುಸ್ತಕ ಆಗತೈತಿ ಅನ್ನೋ ಮಟ್ಟಕ್ಕ ಇದು ತಂದು ನಿಲ್ಲಿಸೈತಿ. ಮೊದಲು ಇದು ಆಗದ ಮಾತಾಗಿತ್ತು.

ಇನ್ನರ್ಧ ಒಪ್ಪಂಗಿಲ್ಲ. ಫೋನು ಯಾರದು? ಅಪ್ಪನದು. ಅಪ್ಪ ಮುಂಜಾನೆ ಎಂಟಕ್ಕ ಕೆಲಸಕ್ಕ ಹೋಗ್ತಾನ, ಫೋನು ಅವನ ಜೋಡಿ ಹೋಗ್ತೈತಿ. ರಾತ್ರಿ ಬಂದ ಮ್ಯಾಲ ಚಾರ್ಜು ಇದ್ರ, ಡೇಟಾ ಉಳಿದಿದ್ರ, ಅಣ್ಣ ರೀಲ್ಸ್ ನೋಡೋದು ಬಿಟ್ರ ಸಣ್ಣವನ ಪಾಳಿ. ಆರು ವರ್ಷದ ಕೂಸಿಗೆ ಪುಟ ಹಿಂದಕ ಮುಂದಕ ತಿರುವಾಡಬೇಕು, ಬೇಕಾದ ಚಿತ್ರಕ್ಕ ವಾಪಸ್ ಹೋಗಬೇಕು, ಗೆಳತಿ ಜೋಡಿ ಕಿತ್ತಾಡಬೇಕು. ನಿನಗ ನಿಜವಾಗ್ಲೂ ಆಸಕ್ತಿ ಇದ್ರ ನಿಮ್ಮ ಹಾಸ್ಟೆಲ್ ಗೆಳ್ಯಾರು ಸೇರಿ ಹತ್ತು ಕಥಿ ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆಸಿ, ನಡುವ ಎರಡು ಪಿನ್ ಹೊಡೆದು, ನಿಮ್ಮೂರ ಅಂಗನವಾಡಿಗೆ ಕೊಟ್ಟು ಬರ್ರಿ. ಕಪ್ಪು ಬಿಳುಪು ಆದ್ರೂ ಚಿಂತಿಲ್ಲ, ಮಕ್ಕಳು ಬಣ್ಣ ತಾವ ತುಂಬತಾವ.

ಇಂಜಿನಿಯರಿಂಗ್ ಅಂದೆಲ್ಲ, ಹಂಗಾಗಿ ಇನ್ನೊಂದು ಹೇಳ್ತೀನಿ. ಕನ್ನಡದಾಗ ಎಷ್ಟೋ ಹಳೇ ಮಕ್ಕಳ ಪುಸ್ತಕ ನುಡಿ ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಾಗ ಟೈಪ್ ಆಗಿ ಪ್ರೆಸ್ಸಿನವರ ಸಿಡಿಯಾಗ ಕುಂತಾವ. ಅವು ಎಲ್ಲಾ ಫೋನು, ಕಂಪ್ಯೂಟರಿಗೂ ತಿಳಿಯೋ ಯೂನಿಕೋಡ್ ಅಕ್ಷರ ಅಲ್ಲದ್ದಕ್ಕ ಅವನ್ನ ಹಂಗ ಕಾಪಿ ಮಾಡಿ ಹಾಕಿದ್ರ ಫೋನಿನಾಗ ಏನೇನೋ ಚಿಹ್ನೆ ಬರತಾವ. ಪ್ರಕಾಶಕರ ಒಪ್ಪಿಗೆ ತಗೊಂಡು ಅವನ್ನ ಯೂನಿಕೋಡಿಗೆ ಬದಲಿಸಿ, ಒತ್ತು, ದೀರ್ಘ ಎಲ್ಲೆಲ್ಲಿ ಕೆಟ್ಟಾವ ಅಂತ ಕಣ್ಣಾರೆ ನೋಡಿ ತಿದ್ದೋ ಕೆಲಸ ಐತಿ. ಬೋರು ಕೆಲಸ, ನಾ ಸುಳ್ಳು ಹೇಳಂಗಿಲ್ಲ.

ಅಕ್ಕಾರ, ನಾನು ಕುಷ್ಟಗಿ ತಾಲ್ಲೂಕಿನ ಸರಕಾರಿ ಪ್ರಾಥಮಿಕ ಶಾಲಿ ಶಿಕ್ಷಕ. ನಮ್ಮ ಶಾಲ್ಯಾಗ ಮಕ್ಕಳ ಪುಸ್ತಕ ಬೇಕಾದಷ್ಟ ಅದಾವ, ಹೊಸಾವ ಅದಾವ. ಎಲ್ಲಾ ಅಲ್ಮೇರಾದಾಗ. ಕೊಟ್ರ ಹರೀತಾವ, ಹರಿದ್ರ ಸ್ಟಾಕ್ ರಿಜಿಸ್ಟರಿನಾಗ ಲೆಕ್ಕ ತಪ್ಪತೈತಿ, ವರ್ಗಾವಣೆ ಆದಾಗ ಚಾರ್ಜ್ ಕೊಡೋ ಹೊತ್ತಿಗೆ ನನ್ನ ಕಿಸೆಯಿಂದ ಕಟ್ಟಬೇಕು. ಮಕ್ಕಳಿಗೆ ಕೊಡ್ಲೋ ಬ್ಯಾಡೋ?
– ಶಿಕ್ಷಕರು, ಕೊಪ್ಪಳ ಜಿಲ್ಲೆ

ಸರ್, ಈ ಸಲ ಬಂದ ಪ್ರಶ್ನೆಯೊಳಗ ನನಗ ಬಾಳ ಹಿಡಿಸಿದ್ದು ನಿಮ್ಮದ, ಯಾಕಂದ್ರ ನೀವು ಖರೇ ಹೇಳೀರಿ. ಊರಿಗೊಬ್ರು ಪುಸ್ತಕ ಇಲ್ಲ, ಪುಸ್ತಕ ಇಲ್ಲ ಅಂತ ಭಾಷಣ ಮಾಡ್ತಾರ, ಇದ್ದ ಪುಸ್ತಕಕ್ಕ ಕೀಲಿ ಬಿದ್ದದ್ದನ್ನ ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ.

ಕಾಯಿದೆ ಏನನ್ನತೈತಿ ನೋಡ್ರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಕಡೀಗೆ ಒಂದು ಅನುಸೂಚಿ ಐತಿ, ಶಾಲಿಗೆ ಏನೇನು ಇರಬೇಕು ಅಂತ. ಪ್ರತಿ ಶಾಲ್ಯಾಗೂ ಲೈಬ್ರರಿ ಇರಬೇಕು, ಅದರಾಗ ಪತ್ರಿಕೆ, ಮ್ಯಾಗಜಿನ್, ಎಲ್ಲಾ ವಿಷಯದ ಪುಸ್ತಕ, ಕಥಿ ಪುಸ್ತಕ ಸೇರಿ, ಇರಬೇಕು ಅಂತ ಬರದಾರ. ಸಮಗ್ರ ಶಿಕ್ಷಣ ಯೋಜನೆಯೊಳಗ ಲೈಬ್ರರಿಗೆ ಅಂತ ಬ್ಯಾರೇನ ಅನುದಾನ ಐತಿ, ಆ ರೊಕ್ಕದಾಗ ಪುಸ್ತಕ ಬರತಾವ. ಆದ್ರ ಬಂದ ಪುಸ್ತಕ ವರ್ಷಕ್ಕ ಎಷ್ಟು ಸಲ ಮಕ್ಕಳ ಕೈ ಸೇರಿತು ಅಂತ ಕೇಳೋ ಕಾಲಂ ಯಾವ ಫಾರ್ಮಿನಾಗ ಐತಿ ಹೇಳ್ರಿ? ಎಷ್ಟು ಅದಾವ ಅಂತ ಎಣಿಸ್ತಾರ, ಅಷ್ಟ. ಎಣಿಸೋದು ಇರೋದನ್ನ ಆದ್ರ ಮಾಸ್ತರ್ ಏನು ಮಾಡ್ತಾನ, ಇರೋದನ್ನ ಕಾಯತಾನ. ನಿಮ್ಮನ್ನ ಬೈಯಾಕ ನನಗ ಮನಸಿಲ್ಲ, ಬೈಯಬೇಕಾದ್ದು ಆ ಕಾಲಂ ಇಡಲಾರದೋರನ್ನ.

ಹರಿಯೋದರ ಬಗ್ಗೆ ಒಂದು ಮಾತು, ಇದು ಬಾಳ ಮಂದಿಗೆ ಗೊತ್ತಿಲ್ಲ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಅದಾವಲ್ಲ, ಅದರಾಗ ಲೈಬ್ರರಿ ಪುಸ್ತಕದ ಮಾತು ಬರತೈತಿ. ವರ್ಷದಾಗ ಓದಾಕ ಕೊಟ್ಟ ಪ್ರತಿ 1,000 ಪುಸ್ತಕಕ್ಕ 5 ಕಳದ್ರ ಅದು ಸಹಜ ನಷ್ಟ ಅಂತ ತಿಳಕೋಬಹುದು, ಮೋಸ ಅಥವಾ ಬೇಜವಾಬ್ದಾರಿ ಇಲ್ಲದಿದ್ರ ಸಾಕು. 1,000 ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳದ್ರ ಮಾತ್ರ ತನಿಖೆ ಆಗಬೇಕು. ಅದು ಕೇಂದ್ರದ ಕಚೇರಿಗಳ ನಿಯಮ, ನಿಮ್ಮ ಶಾಲಿಗೆ ಹಂಗ ನೇರವಾಗಿ ಅನ್ವಯ ಆಗಂಗಿಲ್ಲ, ಆದ್ರ ಬಿಇಓ ಆಫೀಸಿನಾಗ ಮಾತಾಡುವಾಗ ಇದನ್ನ ಮುಂದ ಇಡಬಹುದು. ಲೆಕ್ಕ ನೋಡ್ರಿ ಹೆಂಗೈತಿ, ಹೆಚ್ಚು ಕೊಟ್ಟಷ್ಟು ಹೆಚ್ಚು ನಷ್ಟ ಒಪ್ಪತಾರ! ಕೊಡಲಾರದ ಇಟ್ಟೋನಿಗೆ ರಿಯಾಯಿತಿ ಸೊನ್ನೆ.

ಈಗ ಮಾಡೋ ಕೆಲಸ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೀರಿ, ಮಕ್ಕಳಿಗೆ ಪುಸ್ತಕ ಮನಿಗೆ ಕೊಡೋದು, ಓದಿ ಹರಿದದ್ದನ್ನ ವರ್ಷಕ್ಕೊಮ್ಮಿ ಸಭೆಯಾಗ ಇಟ್ಟು ಪಟ್ಟಿ ಮಾಡಿ ಮ್ಯಾಲ ಕಳಸೋದು ಅಂತ ಠರಾವು ಬರೆಸ್ರಿ, ಅಧ್ಯಕ್ಷರ ಸಹಿ ಇರಲಿ, ಮುಖ್ಯ ಗುರುಗಳದ್ದೂ ಇರಲಿ. ಸ್ಟಾಕ್ ರಿಜಿಸ್ಟರ್ ಮುಟ್ಟಬ್ಯಾಡ್ರಿ, ಕೊಟ್ಟು ತಗೊಳ್ಳಾಕ ಬ್ಯಾರೆ ಒಂದು ನೋಟ್‌ಬುಕ್ ಇಡ್ರಿ, ಅದನ್ನ ಐದನೇತ್ತಿನ ಇಬ್ಬರು ಹುಡುಗ್ಯಾರ ಕೈಗೆ ಕೊಡ್ರಿ, ನಿಮಗಿಂತ ಚಲೋ ನೋಡ್ಕೋತಾರ. ಎಲ್ಲಾ ಒಂದ ಸಲ ತೆಗಿಯೋದು ಬ್ಯಾಡ, ಮೂವತ್ತು ಪುಸ್ತಕ ಹಗ್ಗಕ್ಕ ನೇತು ಹಾಕ್ರಿ. ಮುಖಪುಟ ಕಾಣಬೇಕು ನೋಡ್ರಿ ಸರ್, ಬೆನ್ನು ಕಾಣೋ ಹಂಗ ಇಟ್ರ ಓದಾಕ ಬರಲಾರದ ಹುಡುಗ ಹೆಂಗ ಆರಿಸಬೇಕು? ವರ್ಷದ ಕಡೀಗೆ ಹರದಾವ ಅಂದ್ರ ಸೆಲ್ಲೋ ಟೇಪ್ ಹಚ್ರಿ, ಪೂರಾ ಚಿಂದಿ ಆಗಿದ್ರ ಆ ಪುಸ್ತಕನ್ನ ಮತ್ತ ತರಿಸ್ರಿ, ಮಕ್ಕಳು ಏನು ಕೇಳಾಕತ್ತಾರ ಅಂತ ನಿಮಗ ಅದಕ್ಕಿಂತ ಚಲೋ ಪಟ್ಟಿ ಯಾವ ಏಜೆನ್ಸಿನೂ ಕೊಡಂಗಿಲ್ಲ.

ಮಾತೃಭಾಷೆ ಮಾತೃಭಾಷೆ ಅಂತ ಬರಿಯೋರೆಲ್ಲ ತಮ್ಮ ಮಕ್ಕಳನ್ನ ಇಂಗ್ಲಿಷ್ ಮೀಡಿಯಂಗೆ ಹಾಕಿರ್ತಾರೆ. ಬಡವರ ಮಕ್ಕಳಿಗೆ ಮಾತ್ರ ಈ ಉಪದೇಶ ಯಾಕೆ?
– ಒಬ್ಬ ಆಟೋ ಚಾಲಕರು, ಬಳ್ಳಾರಿ

ಅಣ್ಣಾರ, ಮಗನ್ನ ಯಾವ ಶಾಲಿಗೆ ಹಾಕಬೇಕು ಅನ್ನೋದು ನಿಮಗ ಬಿಟ್ಟದ್ದು. ಸುಪ್ರೀಂ ಕೋರ್ಟ್ 2014ರಾಗ ಕರ್ನಾಟಕ ಸರಕಾರದ ಕೇಸಿನಾಗೇ ಇದನ್ನ ಹೇಳೈತಿ, ಪ್ರಾಥಮಿಕ ಶಾಲಿಗೆ ಮಾತೃಭಾಷೆ ಮಾಧ್ಯಮ ಅಂತ ಸರಕಾರ ಒತ್ತಾಯ ಮಾಡಂಗಿಲ್ಲ ಅಂತ. ನಾ ಹೇಳಾಕತ್ತಿರೋದು ಮೀಡಿಯಮ್ಮಿನ ಮಾತಲ್ಲ, ಮನ್ಯಾಗ ರಾತ್ರಿ ಓದೋ ಕಥಿ ಪುಸ್ತಕದ್ದು. ಇಂಗ್ಲಿಷ್ ಮೀಡಿಯಂ ಹುಡುಗನಿಗೆ ಅದು ಇನ್ನೂ ಹೆಚ್ಚು ಬೇಕು. ಓದೋದು ಅಂದ್ರ ಅರ್ಥ ಹಿಡಿಯೋದು ಅಂತ ಒಂದು ಭಾಷೆದಾಗ ಗೊತ್ತಾದ ಮ್ಯಾಲ ಇನ್ನೊಂದಕ್ಕ ಆ ರೂಢಿ ತಾನ ಬರತೈತಿ. ಉಪದೇಶ ಅನಿಸಿದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮ ಸಿಟ್ಟಿನಾಗ ನ್ಯಾಯ ಐತಿ.

ನಾನು ರಾಯಚೂರಿನಾಗ ಸಣ್ಣ ಪ್ರಕಾಶನ ನಡೆಸ್ತೀನಿ. ಮಕ್ಕಳಿಗೆ ಬಣ್ಣದ ಪುಸ್ತಕ ಮಾಡಬೇಕಂದ್ರ ಸಾವಿರ ಪ್ರತಿ ಹಾಕಿದ್ರೂ ರೇಟು ಕುಂದ್ರಂಗಿಲ್ಲ, ಐನೂರು ಮಾರಂಗೂ ಇಲ್ಲ. ಬ್ಯಾರೆ ದೇಶದಾಗ ಸಣ್ಣ ಭಾಷೆಯೋರು ಹೆಂಗ ಮಾಡ್ತಾರ?
– ಪ್ರಕಾಶಕರು, ರಾಯಚೂರು

ನಿಮ್ಮ ಕಷ್ಟ ಎಲ್ಲಿ ಐತಿ ಅಂತ ನಿಮಗ ನನಗಿಂತ ಚಲೋ ಗೊತ್ತು, ಓದುಗರಿಗೆ ತಿಳೀಲಿ ಅಂತ ಬಿಡಿಸಿ ಹೇಳ್ತೀನಿ. ಚಿತ್ರ ಬಿಡಿಸೋರ ಸಂಭಾವನೆ, ಪುಟ ವಿನ್ಯಾಸ, ನಾಲ್ಕು ಬಣ್ಣದ ಪ್ಲೇಟು, ಮಷೀನ್ ಹೊಂದಿಸೋದು, ಇವಕ್ಕ ಒಂದು ಪ್ರತಿ ಹಾಕಿದ್ರೂ ಅಷ್ಟ ಖರ್ಚು, ಹತ್ತು ಸಾವಿರ ಹಾಕಿದ್ರೂ ಅಷ್ಟ. ಕಾಗದ, ಮಸಿ, ಬೈಂಡಿಂಗ್ ಮಾತ್ರ ಪ್ರತಿ ಹೆಚ್ಚಾದಂಗ ಹೆಚ್ಚತೈತಿ. ಇಂಗ್ಲಿಷಿನವರು ಮೊದಲಿನ ಖರ್ಚನ್ನ ಐವತ್ತು ಸಾವಿರ ಪ್ರತಿಗೆ ಹಂಚತಾರ, ನೀವು ಸಾವಿರಕ್ಕ. ಕನ್ನಡಕ್ಕ ಹಿಂಗಾದ್ರ ತುಳು, ಕೊಡವ, ಲಂಬಾಣಿ ಗತಿ ಏನು.

ಇದಕ್ಕ ಜಗತ್ತಿನಾಗ ಎರಡು ದಾರಿ ಕಂಡಾವ. ಒಂದು ನಾರ್ವೆದು. ಇಡೀ ದೇಶ ಸೇರಿದ್ರೂ ನಮ್ಮ ಬೆಂಗಳೂರಿಗಿಂತ ಕಮ್ಮಿ ಮಂದಿ, ಅವರಿಗೊಂದು ಭಾಷೆ, ಅದಕ್ಕೂ ಎರಡು ಬರವಣಿಗೆ ರೂಪ. ಅಲ್ಲಿ 1965ರಿಂದ ಒಂದು ಖರೀದಿ ಯೋಜನೆ ನಡದೈತಿ, ತಮ್ಮ ಭಾಷೆದಾಗ ಬಂದ ಹೊಸ ಪುಸ್ತಕ ಗುಣಮಟ್ಟ ದಾಟಿದ್ರ ಸರಕಾರದ ಕಲಾ ಮಂಡಳಿನ ನೂರಾರು ಪ್ರತಿ ಕೊಂಡು ದೇಶದ ಲೈಬ್ರರಿಗಳಿಗೆ ಹಂಚತೈತಿ. ಪ್ರಕಾಶಕನಿಗೆ ಪುಸ್ತಕ ಅಚ್ಚಿಗೆ ಹೋಗೋ ಮೊದಲ ಒಂದು ಧೈರ್ಯ. ನಮ್ಮಲ್ಲೂ ಗ್ರಂಥಾಲಯ ಇಲಾಖೆ ಸಗಟು ಖರೀದಿ ಐತಿ, ಬಿಲ್ಲು ಯಾವಾಗ ಬರತೈತಿ ಅಂತ ನೀವ ನನಗ ಹೇಳಬೇಕು! ಯೋಜನೆ ಕಾಗದದ ಮ್ಯಾಲ ಒಂದ ತರಾ ಇದ್ರೂ ರೊಕ್ಕ ಬರೋ ಹೊತ್ತು ಪ್ರಕಾಶನವನ್ನ ಬದುಕಿಸತೈತಿ ಇಲ್ಲಾ ಕೊಲ್ಲತೈತಿ.

ಎರಡನೇದು ಕೂಡಿ ಅಚ್ಚು ಹಾಕೋದು, ಇದನ್ನ ನೀವು ನಾಳೆನ ಮಾಡಬಹುದು. ನಾಲ್ಕು ಬಣ್ಣದ ಅಚ್ಚಿನಾಗ ಅಕ್ಷರ ಪೂರಾ ಕಪ್ಪು ಪ್ಲೇಟಿನಾಗ ಇರೋ ಹಂಗ ವಿನ್ಯಾಸ ಮಾಡಿದ್ರ, ಭಾಷೆ ಬದಲಿಸಾಕ ಆ ಒಂದು ಪ್ಲೇಟು ಬದಲಿಸಿದ್ರ ಸಾಕು, ಉಳಿದ ಮೂರು ಹಂಗ ಓಡತಾವ. ಒಂದ ಚಿತ್ರ, ಒಂದ ಕಥಿ, ಕನ್ನಡದ್ದು ಸಾವಿರ, ತೆಲುಗಿನದ್ದು ಸಾವಿರ, ಒಂದ ಓಟಕ್ಕ ಎರಡು ಸಾವಿರ. ರಾಯಚೂರಿನಾಗ ಕುಂತು ತೆಲುಗು ಪ್ರಕಾಶಕರನ್ನ ಹುಡುಕಾಕ ದೂರ ಹೋಗಬೇಕಾ, ಕೃಷ್ಣಾ ದಾಟಿದ್ರ ತೆಲಂಗಾಣ, ತುಂಗಭದ್ರಾ ದಾಟಿದ್ರ ಆಂಧ್ರ. ಚಿತ್ರದ ಒಳಗ ಅಕ್ಷರ ಬರೆಸಬ್ಯಾಡ್ರಿ, ಅಂಗಡಿ ಬೋರ್ಡು ಬಸ್ಸಿನ ಬೋರ್ಡು ಖಾಲಿ ಬಿಡಿಸ್ರಿ. ತೆಲುಗು ಸಾಲು ಕನ್ನಡಕ್ಕಿಂತ ಉದ್ದ ಆಗಬಹುದು, ಜಾಗ ಬಿಡ್ರಿ. ಉರ್ದು ಸೇರಸಬೇಕಂದ್ರ ಸ್ವಲ್ಪ ತಲಿ ಓಡಿಸಬೇಕು, ಅದು ಬಲದಿಂದ ಎಡಕ್ಕ, ಪುಸ್ತಕ ಆ ಕಡೆಯಿಂದ ತೆರೀತೈತಿ, ಚಿತ್ರದಾಗ ಹುಡುಗಿ ಬಲಕ್ಕ ಓಡಾಕತ್ತಿದ್ರ ಉರ್ದುದಾಗ ಹಿಂದಕ್ಕ ಓಡಿದಂಗ ಕಾಣತೈತಿ, ಹಂಗಾಗಿ ಅಂಥಾ ಪುಟ ತಿರುವಿ ಹಾಕಬೇಕು. ರಾಯಚೂರು, ಬಳ್ಳಾರಿಯೊಳಗ ಉರ್ದು ಮೀಡಿಯಂ ಶಾಲಿ ಮಕ್ಕಳಿಗೆ ಇಲ್ಲಿನ ಊರು, ಇಲ್ಲಿನ ಬಿಸಲು ಇರೋ ಕಥಿ ಪುಸ್ತಕ ಎಷ್ಟು ಅದಾವ ಅಂತ ಒಮ್ಮಿ ಅಂಗಡಿಯಾಗ ಹುಡುಕಿ ನೋಡ್ರಿ, ಖಾಲಿ ಮೈದಾನ ಅದು.

ನಮ್ಮದು ಸಂಡೂರು ಕಡೆ ತಾಂಡಾ. ನಮ್ಮ ಲಂಬಾಣಿ ಭಾಷೆಗೆ ಲಿಪಿನೇ ಇಲ್ಲ, ಇನ್ನು ಪುಸ್ತಕ ಎಲ್ಲಿಂದ ಬರಬೇಕು ಅಕ್ಕ?
– ಡಿ.ಎಡ್ ವಿದ್ಯಾರ್ಥಿನಿ

ಲಿಪಿ ಇಲ್ಲ ಅನ್ನೋದು ಅಡ್ಡಿ ಅಲ್ಲಮ್ಮ, ಮರಾಠಿ ಹಿಂದಿ ಎರಡೂ ಒಂದ ಲಿಪಿಯಾಗ ಬರೀತಾರ, ಕೊಂಕಣಿನ ನಮ್ಮ ಕರಾವಳಿಯೋರು ಕನ್ನಡದಾಗ ಬರೀತಾರ. ಲಂಬಾಣಿನ ಇಲ್ಲಿ ಕನ್ನಡ ಲಿಪಿಯಾಗ, ತೆಲಂಗಾಣದಾಗ ತೆಲುಗಿನಾಗ, ಮಹಾರಾಷ್ಟ್ರದಾಗ ದೇವನಾಗರಿಯಾಗ ಬರೀತಾರ. ಖರೇ ಅಡ್ಡಿ ಅಂದ್ರ ಇದ, ಒಂದ ಭಾಷೆಯ ಓದುಗರು ಮೂರು ಲಿಪಿಯಾಗ ಹಂಚಿ ಹೋದ್ರು. ಆದ್ರ ಯೂನಿಕೋಡಿನಾಗ ಟೈಪ್ ಮಾಡಿದ ಕಥಿನ ಒಂದು ಲಿಪಿಯಿಂದ ಇನ್ನೊಂದಕ್ಕ ಬದಲಿಸೋದು ಈಗ ಕಂಪ್ಯೂಟರ್ ಕೆಲಸ, ಆಮ್ಯಾಲ ಯಾರರೆ ಕುಂತು ತಿದ್ದಬೇಕು ಅಷ್ಟ.

ಒಡಿಶಾದಾಗ 2006ರ ಹೊತ್ತಿಗೆ ಹತ್ತು ಬುಡಕಟ್ಟು ಭಾಷೆಗಳಾಗ ಮಕ್ಕಳಿಗೆ ಪಾಠ ಶುರು ಮಾಡಿದ್ರು, ಆಮ್ಯಾಲ ಇನ್ನೂ ಭಾಷೆ ಸೇರಿದ್ವು. ಸವರಾ, ಕುಯಿ ಇಂಥವು. ಬಾಳಷ್ಟು ಭಾಷೆಗಳಿಗೆ ಒಡಿಯಾ ಲಿಪಿನ ಬಳಸಿದ್ರು, ಕಥಿಗಳನ್ನ ಆ ಊರಿನ ಮಂದಿ ಹತ್ರನ ಕೇಳಿ ಬರಕೊಂಡ್ರು. ಇನ್ನೊಂದು ಕಡೆ ಪಪುವಾ ನ್ಯೂಗಿನಿ ಅಂತ ದೇಶ, ಎಂಟು ನೂರಕ್ಕೂ ಹೆಚ್ಚು ಭಾಷೆ ಆ ಒಂದ ದೇಶದಾಗ. 1990ರ ದಶಕದಾಗ ನೂರಾರು ಭಾಷೆಗಳಾಗ ಮೊದಲ ತರಗತಿ ನಡೆಸಾಕ ಹೊಂಟ್ರು, ಅಷ್ಟು ದೊಡ್ಡ ಮನಸು ಯಾವ ದೇಶಾನೂ ಮಾಡಿರಲಿಲ್ಲ. ಆದ್ರ ಅಷ್ಟೂ ಭಾಷೆಗೆ ಪುಸ್ತಕ, ಮಾಸ್ತರ್ ತರಬೇತಿ ಒದಗಿಸಾಕ ಆಗಲಿಲ್ಲ, 2013ರ ಹೊತ್ತಿಗೆ ಮತ್ತ ಇಂಗ್ಲಿಷಿಗೆ ಬಂದ್ರು. ಆ ದೇಶದ ಮಂದಿನ ಆಡಿಕೊಳ್ಳಾಕ ಹೇಳಿದ್ದಲ್ಲ ಇದು, ನೀತಿ ಮಾಡಿದ ಸರಕಾರಗಳು ಅಚ್ಚಿನ ಖರ್ಚಿಗೆ ಬಂದಾಗ ಎಲ್ಲಾ ಕಡೆ ಹಿಂಗ ಜಾರಕೋತಾವ.

ನೀ ಹೆಂಗೂ ಟೀಚರ್ ಆಗಾಕಿ. ತಾಂಡಾದ ನಾಲ್ಕು ಮಂದಿ ಅಜ್ಜ್ಯಾರ ಹತ್ರ ಕುಂತು ಫೋನಿನಾಗ ರೆಕಾರ್ಡ್ ಮಾಡು, ಕಥಿ ಸಣ್ಣದಿರಲಿ, ಮಾತು ಮತ್ತ ಮತ್ತ ಬರೋ ಕಥಿ ಆರಿಸು, ಹೊಸದಾಗಿ ಓದೋರಿಗೆ ಅದ ಅನುಕೂಲ. ಕನ್ನಡ ಲಿಪಿಯಾಗ ಬರದು, ಎರಡನೇತ್ತಿನ ಮಕ್ಕಳ ಮುಂದ ಇಟ್ಟು ಅವು ಎಲ್ಲಿ ನಿಲ್ಲತಾವ ನೋಡು, ಅಲ್ಲಿ ಬದಲಿಸು. ಅಜ್ಜಿ ಹೆಸರು ಪುಸ್ತಕದ ಮ್ಯಾಲ ದೊಡ್ಡ ಅಕ್ಷರದಾಗ ಹಾಕು, ಇದನ್ನ ಮರೀಬ್ಯಾಡ. ನಿಮ್ಮ ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿಯಲಾರದ ದೊಡ್ಡ ದೊಡ್ಡ ಕಾವ್ಯಗಳನ್ನ ಬಾಯಿಲೇ ಹಾಡಿದಾಕಿ, ಹಂಪಿ ಕನ್ನಡ ವಿಶ್ವವಿದ್ಯಾಲಯ ಅಕಿಗೆ ನಾಡೋಜ ಗೌರವ ಕೊಡ್ತು. ಹಾಡಿದ್ದನ್ನ ಬರೆದಿಟ್ಟೋರು ಸಿಕ್ಕರು ಅಂತ ಅವು ಉಳದಾವ.

ನನ್ನ ಮಗನಿಗೆ ಕಣ್ಣು ಕಾಣಂಗಿಲ್ಲ, ಒಂಬತ್ತು ವರ್ಷ. ಕನ್ನಡದಾಗ ಅವನಿಗೆ ಏನರೆ ಸಿಗತೈತೇನು?
– ಹೊಸಪೇಟೆ ರಸ್ತೆ, ಕೊಪ್ಪಳ

ಸಿಗತೈತಿ, ಆದ್ರ ಕಮ್ಮಿ. ಮರಾಕೆಶ್ ಒಪ್ಪಂದ ಅಂತ 2013ರಾಗ ಆತು, ಕಣ್ಣು ಕಾಣದೋರಿಗಾಗಿ ಪುಸ್ತಕನ್ನ ಬ್ರೈಲು, ಆಡಿಯೋ ರೂಪಕ್ಕ ತರಾಕ ಕಾಪಿರೈಟ್ ಅಡ್ಡ ಬರಬಾರದು ಅಂತ, ಅದಕ್ಕ 2014ರಾಗ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟದ್ದು ನಮ್ಮ ದೇಶ. 2016ರಾಗ ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಲೈಬ್ರರಿ ಶುರುವಾತು, ಸದಸ್ಯನಾಗಾಕ ಅಂಗವಿಕಲತೆಯ ಸರ್ಟಿಫಿಕೇಟ್ ತಯಾರಿಟ್ಟುಕೊಳ್ರಿ. ಆಡಿಯೋ ಒಂದ ಸಾಲಂಗಿಲ್ಲ, ಒಂಬತ್ತು ವರ್ಷಕ್ಕ ಬ್ರೈಲು ಕಲಿಬೇಕು, ಬೆರಳಿಲೇ ಓದಬೇಕು, ಕೇಳಿಸ್ಕೊಂಡು ಸ್ಪೆಲಿಂಗ್ ಬರಂಗಿಲ್ಲ. ಭಾರತಿ ಬ್ರೈಲಿನಾಗ ನಮ್ಮ ದೇಶದ ಭಾಷೆಗಳ ಒಂದ ಸದ್ದಿಗೆ ಹೆಚ್ಚಾಗಿ ಒಂದ ಚುಕ್ಕಿ ಗುರ್ತು, ಹಂಗಾಗಿ ಕನ್ನಡ ಕಲಿತ್ರ ತೆಲುಗು, ಹಿಂದಿ ಅಕ್ಷರಕ್ಕ ಮತ್ತ ಮೊದಲಿಂದ ಶುರು ಮಾಡಬೇಕಾಗಿಲ್ಲ.

ಗಂಗಾವತಿಯಿಂದ ಒಬ್ಬ ನಿವೃತ್ತ ಉಪನ್ಯಾಸಕ ಬರೆಯುವುದು: ವಿದೇಶಿ ಸಹಾಯದಿಂದ ನಡೆಯುವ ಇಂತಹ ಮಕ್ಕಳ ಪುಸ್ತಕ ಯೋಜನೆಗಳ ಗತಿ ಈಗ ಏನು?

ಗುರುಗಳೇ, ಚಲೋ ಇಲ್ಲ. ಆಫ್ರಿಕಾ, ಏಷ್ಯಾದ ಎಷ್ಟೋ ದೇಶದಾಗ ಸ್ಥಳೀಯ ಭಾಷೆಯ ಓದೋ ಪುಸ್ತಕ ಅಚ್ಚಾಗತಿದ್ದದ್ದು ಅಮೆರಿಕದ ಯುಎಸ್ಏಡ್ ಅನ್ನೋ ವಿದೇಶಿ ನೆರವಿನ ಸರಕಾರಿ ಸಂಸ್ಥೆಯ ರೊಕ್ಕದಾಗ. 2025ರ ಜನವರಿಯಾಗ ಆ ರೊಕ್ಕ ನಿಂತಿತು, ಜುಲೈ ಹೊತ್ತಿಗೆ ಆ ಸಂಸ್ಥೆನ ಮುಚ್ಚಿದಂಗಾತು. ಅವಶ್ಯಕತೆ ಮಾತ್ರ ಕಮ್ಮಿ ಆಗಿಲ್ಲ, ಬಡ ಮತ್ತು ಮಧ್ಯಮ ಆದಾಯದ ದೇಶಗಳಾಗ ಹತ್ತು ವರ್ಷದ ಮಕ್ಕಳೊಳಗ ಒಂದು ಸರಳ ಬರಹ ಓದಿ ತಿಳಕೊಳ್ಳಾಕ ಬರಲಾರದೋರು 53 ಪರ್ಸೆಂಟ್ ಅಂತ ವಿಶ್ವ ಬ್ಯಾಂಕು 2019ರಾಗ ಹೇಳಿತ್ತು, ಕೊರೋನಾ ಆದ ಮ್ಯಾಲ 2022ರ ಅಂದಾಜು 70ಕ್ಕ ಹೋಯ್ತು. ದಕ್ಷಿಣ ಆಫ್ರಿಕಾದಾಗ 2021ರ ಪರೀಕ್ಷೆಯೊಳಗ ನಾಲ್ಕನೇತ್ತಿನ ಮಕ್ಕಳಾಗ 81 ಪರ್ಸೆಂಟ್ ಮಂದಿಗೆ ಅರ್ಥ ಹಿಡಿದು ಓದಾಕ ಬಂದಿಲ್ಲ. ಅಲ್ಲಿ 2012ರಿಂದ ನಲಿಬಾಲಿ ಅನ್ನೋ ಅಭಿಯಾನದೋರು ದಿನಪತ್ರಿಕೆ ಜೋಡಿ ಎರಡೆರಡು ಭಾಷೆಯ ಕಥಿ ಪುರವಣಿ ಹಂಚತಾ ಬಂದಾರ, ಕತ್ತರಿಸಿ ಮಡಚಿದ್ರ ಪುಸ್ತಕ ಆಗತೈತಿ. ಪೇಪರು ಹೆಂಗೂ ಊರೂರಿಗೆ ಹೋಗತೈತಿ, ಅದರ ಬೆನ್ನ ಹತ್ತಿಸಿದ್ರು. ನಮ್ಮ ಪತ್ರಿಕೆಗಳು ಹಬ್ಬಕ್ಕ ವಿಶೇಷಾಂಕ ಹಾಕೋ ಬದಲು ಇದನ್ನ ಯಾಕ ಮಾಡಬಾರದು ಅಂತ ನಾ ಸಂಪಾದಕರಿಗೆ ಕೇಳೀನಿ, ನಕ್ಕು ಸುಮ್ನಾದ್ರು.

ಪುಸ್ತಕದ ಕನ್ನಡ ನಮ್ಮ ಮಕ್ಕಳಿಗೆ ತಿಳಿಯಂಗಿಲ್ಲ, ಎಲ್ಲಾ ಬೆಂಗಳೂರು ಮೈಸೂರು ಭಾಷೆ.
– ಯಲಬುರ್ಗಾ

ಹೌದ್ರಿ. ಓದಿ ಹೇಳುವಾಗ ನಮ್ಮ ಮಾತಿಗೆ ತಿರುವಿ ಹೇಳ್ರಿ, ಅಕ್ಷರದಾಗ ಇದ್ದಂಗ ಇರಲಿ. ಎರಡನೇತ್ತ ಮೂರನೇತ್ತ ದಾಟಿದ ಮ್ಯಾಲ ಮಕ್ಕಳು ಎರಡೂ ಹಿಡೀತಾವ. ನಮ್ಮ ಕಡೆ ಬರಿಯೋರು ಮಕ್ಕಳಿಗೆ ಅಂದ ಕೂಡಲೆ ಮಾತು ಬದಲಿಸಿ ಗ್ರಂಥಸ್ಥ ಆಗಿಬಿಡ್ತಾರ, ಅದು ಬ್ಯಾಡ.

ಊರಾಗ ಲೈಬ್ರರಿ ಐತಿ, ಪೇಪರ್ ಓದೋ ಹಿರಿಯರು ಕುಂತಿರ್ತಾರ. ಸಣ್ಣ ಮಕ್ಕಳನ್ನ ಒಳಗ ಬಿಡತಾರೇನು? ಫೀ ಎಷ್ಟು?
– ಏಳನೇತ್ತಿನ ಹುಡುಗಿ, ಸಿರಗುಪ್ಪ ತಾಲ್ಲೂಕು

ಬಿಡಲೇಬೇಕು ಪುಟ್ಟಿ, ಫೀ ಇಲ್ಲ. ಗ್ರಾಮ ಪಂಚಾಯ್ತಿ ಲೈಬ್ರರಿಗಳು 2019ರಾಗ ಗ್ರಾಮೀಣಾಭಿವೃದ್ಧಿ ಇಲಾಖೆ ಕಡೆ ಬಂದ್ವು, 2020ರ ನವೆಂಬರಿನಾಗ ಓದುವ ಬೆಳಕು ಅಂತ ಕಾರ್ಯಕ್ರಮ ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಅಂತ ಮಾಡಿದ್ರು. ಈಗ ಬೋರ್ಡಿನ ಮ್ಯಾಲ ಅರಿವು ಕೇಂದ್ರ ಅಂತ ಇರಬಹುದು, ಅದೂ ಅದ. ಪುಸ್ತಕಕ್ಕ ರೊಕ್ಕ ಎಲ್ಲಿಂದ ಅಂತ ಯಾರರೆ ಕೇಳಿದ್ರ, ನಿಮ್ಮಪ್ಪ ಕಟ್ಟೋ ಮನಿ ತೆರಿಗೆ ಜೋಡಿ ಗ್ರಂಥಾಲಯ ಕರ ಅಂತ ತಗೋತಾರ, ರಸೀದಿ ತೆಗೆದು ತೋರಸು. ಒಬ್ಬಾಕಿನ ಹೋಗಬ್ಯಾಡ, ಗೆಳತ್ಯಾರನ್ನ ಕರಕೊಂಡು ಹೋಗಿ ಸದಸ್ಯತ್ವದ ಫಾರ್ಮ್ ಕೇಳ್ರಿ. ಮಕ್ಕಳ ಪುಸ್ತಕ ಇಲ್ಲ ಅಂದ್ರ ಯಾವ ಯಾವ ಥರದ್ದು ಬೇಕು ಅಂತ ಒಂದು ಹಾಳ್ಯಾಗ ಬರದು, ಎಲ್ಲರೂ ಸಹಿ ಹಾಕಿ, ಪಿಡಿಓ ಸಾಹೇಬ್ರ ಕೈಯಾಗ ಕೊಟ್ಟು, ಒಂದು ಜೆರಾಕ್ಸ್ ಮ್ಯಾಲ ಪಂಚಾಯ್ತಿ ಸೀಲು ಹಾಕಿಸಿ ಇಟ್ಕೊಳ್ರಿ. ಮಕ್ಕಳ ಗ್ರಾಮಸಭೆ ಕರೀತಾರಲ್ಲ, ಆವತ್ತು ಆ ಜೆರಾಕ್ಸ್ ತಗೊಂಡು ಹೋಗ್ರಿ.